ಅಪ್ಪನ ತೊಡೆ ಸೊರಗಿದೆ, ಪ್ರೋಟೀನ್ ಪುಡಿ ಕೊಡಲಾ?

ಪ್ರಶ್ನೆ: ಅಪ್ಪನಿಗೆ 72 ವರ್ಷ, ತೂಕ 60 ಕೆಜಿ. ಸೊಂಟದ ಮೂಳೆ ಮುರಿದು ಎರಡು ತಿಂಗಳು ಮಲಗಿದ್ದರು. ಈಗ ತೊಡೆ ಸೊರಗಿದೆ, ಕಮೋಡಿನಿಂದ ಏಳಲೂ ಕೈ ಹಿಡಿಯಬೇಕು. ಮೆಡಿಕಲ್ ಶಾಪಿನವರು ಪ್ರೋಟೀನ್ ಪುಡಿ ಕೊಡಿ ಅಂತಾರೆ. ಕೊಡಬಹುದಾ?

ಉತ್ತರ: ಕೊಡಬಹುದು, ಆದರೆ ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಇಲ್ಲದಿದ್ದರೆ, ಕಾಯಿಲೆಯಿಂದ ಎದ್ದ ಹಿರಿಯರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಬೇಕು, ಅಂದರೆ ನಿಮ್ಮ ಅಪ್ಪನಿಗೆ 72ರಿಂದ 90 ಗ್ರಾಂ. ಮುದ್ದೆ, ತಿಳಿಸಾರು, ಒಂದು ಸೌಟು ಮಜ್ಜಿಗೆ ಹಾಕಿ ‘ಹೊಟ್ಟೆ ತುಂಬಾ ಉಂಡರು’ ಅಂತೀವಲ್ಲ, ಅದರಲ್ಲಿ ಇಷ್ಟು ಸಿಗುವುದು ಕಷ್ಟ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಪುಡಿ. ಡಬ್ಬಿಯ ಹಿಂದೆ ಓದಿ, ಕೆಲವದರಲ್ಲಿ ಸಕ್ಕರೆಯೇ ಜಾಸ್ತಿ! ವಿಟಮಿನ್ ಡಿ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಅದನ್ನೂ ಡಾಕ್ಟರು ಬರೆದುಕೊಡುತ್ತಾರೆ.

ಪುಡಿ ಕುಡಿದು ಸುಮ್ನೆ ಮಲಗಿದರೆ ಸ್ನಾಯು ಬೆಳೆಯಲ್ಲ. ಫಿಸಿಯೋಥೆರಪಿಸ್ಟ್ ಒಪ್ಪಿದರೆ, ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ನೀವು ಪಕ್ಕದಲ್ಲೇ ನಿಂತು, ಅಪ್ಪನಿಂದ ನಿಧಾನವಾಗಿ ಎದ್ದು ಕೂರುವುದನ್ನು ಮಾಡಿಸಿ. ಇಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ ಶುಗರ್, ಥೈರಾಯ್ಡ್ ನೋಡಿಸಿ.