ಮೊದಲೇ ಎಲ್ಲೋ ನೋಡಿದ ಸಿನಿಮಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜ್ಯಾಕ್ ಸ್ನೈಡರ್ ನಿರ್ದೇಶನದ ‘ರೆಬೆಲ್ ಮೂನ್’ ಚಿತ್ರದ ಮೊದಲ ಭಾಗ 2023ರ ಡಿಸೆಂಬರ್‌ನಲ್ಲಿ, ಎರಡನೆಯ ಭಾಗ 2024ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದವು. ಈ ಬಾರಿಯ ಅಂಕಣಕ್ಕೆ ಆರಿಸಿಕೊಂಡ ಪತ್ರಗಳೆಲ್ಲ ಆ ಚಿತ್ರದ ಸುತ್ತಲೇ ಇವೆ. ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ದೂರದ ಉಪಗ್ರಹವೊಂದರ ರೈತರ ಹಳ್ಳಿಗೆ ಸಾಮ್ರಾಜ್ಯದ ಸೇನೆ ಬಂದಿಳಿದು ಧಾನ್ಯ ಒಪ್ಪಿಸಬೇಕೆಂದು ಬೆದರಿಸುತ್ತದೆ. ಹಿಂದೆ ಅದೇ ಸೇನೆಯಲ್ಲಿದ್ದು ಈಗ ತಲೆಮರೆಸಿಕೊಂಡಿರುವ ಕೋರಾ ಎಂಬಾಕೆ ಗ್ರಹದಿಂದ ಗ್ರಹಕ್ಕೆ ಅಲೆದು, ಯೋಧರನ್ನು ಒಟ್ಟುಗೂಡಿಸಿ, ಹಳ್ಳಿಯ ರಕ್ಷಣೆಗೆ ನಿಲ್ಲುತ್ತಾಳೆ.

ಪ್ರಶ್ನೆ: ಎರಡು ರಾತ್ರಿ ಕೂತು ಎರಡೂ ಭಾಗಗಳನ್ನು ನೋಡಿದೆ. ಒಂದು ದೃಶ್ಯವೂ ಹೊಸದೆನಿಸಲಿಲ್ಲ. ಜೊತೆಯಲ್ಲಿ ನೋಡಿದ ಗೆಳೆಯ, “ಎಲ್ಲ ಕಥೆಗಳೂ ಇನ್ನೊಂದು ಕಥೆಯಿಂದಲೇ ಹುಟ್ಟುತ್ತವೆ, ಅದಕ್ಕೇಕೆ ಬೇಸರ ಪಡುತ್ತೀಯ?” ಎನ್ನುತ್ತಾನೆ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ?

ಉತ್ತರ: ನಿಮ್ಮ ಗೆಳೆಯರ ಮಾತು ನಿಜ, ಆದರೆ ನಿಮ್ಮ ಬೇಸರಕ್ಕೆ ಅದು ಉತ್ತರವಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಹೇಳಿ ಕುಮಾರವ್ಯಾಸ ಭಾರತವನ್ನು ಕೈಗೆತ್ತಿಕೊಂಡ. ಆ ಭಾರತವನ್ನೂ ಅವನಿಗಿಂತ ಸುಮಾರು ಐದು ಶತಮಾನ ಮೊದಲೇ ಪಂಪ ಹೇಳಿ ಮುಗಿಸಿದ್ದ. ಇಬ್ಬರನ್ನೂ ಓದಿದ ಯಾರೂ ಒಬ್ಬನನ್ನು ಇನ್ನೊಬ್ಬನ ನೆರಳು ಎನ್ನುವುದಿಲ್ಲ. ಹಾಗಾಗಿ ಕಥೆ ಎಲ್ಲಿಂದ ಬಂತು ಎಂಬುದಕ್ಕಿಂತ, ಬಂದ ಕಥೆಗೆ ಇಲ್ಲಿ ಬೇರು ಇಳಿಯಿತೇ ಎಂದು ಕೇಳಿಕೊಳ್ಳುವುದು ಮೇಲು.

‘ರೆಬೆಲ್ ಮೂನ್’ ಚಿತ್ರದ ವಂಶಾವಳಿ ಗುಟ್ಟಿನದೇನಲ್ಲ. ಇದು ಮೊದಲು ‘ಸ್ಟಾರ್ ವಾರ್ಸ್’ ಲೋಕಕ್ಕೆಂದೇ ತಾವು ಯೋಚಿಸಿದ್ದ ಕಥೆಯೆಂದು ನಿರ್ದೇಶಕರೇ ಹೇಳಿಕೊಂಡಿದ್ದಾರೆ. ಹಳ್ಳಿಯ ರೈತರು ದರೋಡೆಕೋರರ ವಿರುದ್ಧ ಯೋಧರನ್ನು ಕರೆತರುವ ಹಂದರ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 1954ರ ‘ಸೆವೆನ್ ಸಮುರಾಯ್’ ಚಿತ್ರದ್ದು. ಅದೇ ಹಂದರವನ್ನು 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಕುದುರೆ ಸವಾರರ ನಾಡಿಗೆ ಒಯ್ದಿತು; 1980ರಲ್ಲಿ ‘ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್’ ಬಾಹ್ಯಾಕಾಶಕ್ಕೂ ಏರಿಸಿತು. ಆ ಚಿತ್ರದಲ್ಲಿ ದಾಳಿಗೊಳಗಾಗುವ ಗ್ರಹಕ್ಕೆ ಅಕಿರ್ ಎಂದು ಹೆಸರಿಟ್ಟು ಮೂಲ ನಿರ್ದೇಶಕರಿಗೆ ಗೌರವ ಸಲ್ಲಿಸಿದರು, ಮ್ಯಾಗ್ನಿಫಿಸೆಂಟ್ ಸೆವೆನ್‌ನ ಏಳು ಮಂದಿಯಲ್ಲಿ ಒಬ್ಬರಾಗಿದ್ದ ರಾಬರ್ಟ್ ವಾನ್ ಅವರನ್ನೇ ಮತ್ತೆ ಕರೆತಂದು ಯೋಧನ ಪಾತ್ರ ಕೊಟ್ಟರು. ಅಂದರೆ ಈ ಕಥೆ ನಕ್ಷತ್ರಲೋಕಕ್ಕೆ ಹೋದದ್ದೂ ಇದೇ ಮೊದಲಲ್ಲ.

ಇಷ್ಟು ಸಲ ಹೇಳಿದ ಕಥೆ ಮತ್ತೆ ಹೇಳಲಾಗದಷ್ಟು ಸವೆದಿಲ್ಲ ಎಂದೇ ನಾನು ನಂಬಿದ್ದೇನೆ. ಕೊರತೆ ಎಲ್ಲಿದೆಯೆಂದು ಒಂದು ಹಿಡಿ ಅಕ್ಕಿಯಿಂದ ತೋರಿಸಬಹುದು. ‘ಸೆವೆನ್ ಸಮುರಾಯ್’ನಲ್ಲಿ ರೈತರ ಬಳಿ ಕೂಲಿಯಾಗಿ ಕೊಡಲು ಇರುವುದು ಅಕ್ಕಿಯೊಂದೇ. ಯೋಧರಿಗೆ ಅನ್ನ ಬಡಿಸಿ ತಾವು ಕಿರುಧಾನ್ಯ ತಿಂದುಕೊಂಡು ಪಟ್ಟಣದ ಛತ್ರದಂಥ ಜಾಗದಲ್ಲಿ ದಿನ ನೂಕುತ್ತಾರೆ. ಒಂದು ರಾತ್ರಿ ಆ ಅಕ್ಕಿ ಕಳುವಾಗುತ್ತದೆ. ಯೊಹೇ ಎಂಬ ಬಡಪಾಯಿ ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಾನೆ. ರೈತರು ತಿನ್ನುತ್ತಿರುವುದೇನು ಎಂದು ತಿಳಿದ ಮೇಲೆ ಹಿರಿಯ ಸಮುರಾಯ್ ಕಂಬೇ ಆ ಬಟ್ಟಲನ್ನು ಕೈಗೆತ್ತಿಕೊಂಡು ಒಪ್ಪಿಗೆ ಕೊಡುತ್ತಾನೆ. ಮುಂದೆ ನಡೆಯುವ ಎಲ್ಲ ಸಾವುನೋವುಗಳ ತೂಕ ಆ ಬಟ್ಟಲಿನಲ್ಲಿದೆ. ‘ರೆಬೆಲ್ ಮೂನ್’ನಲ್ಲಿಯೂ ಧಾನ್ಯವಿದೆ, ಕೊಯ್ಲೂ ಇದೆ, ಎರಡನೆಯ ಭಾಗದಲ್ಲಿ ಸ್ಲೋ ಮೋಷನ್‌ನಲ್ಲಿ ತೆನೆ ಬೀಳುವುದನ್ನೂ ಬೆವರು ಹೊಳೆಯುವುದನ್ನೂ ಬಹಳ ಹೊತ್ತು ನೋಡುತ್ತೇವೆ. ಆದರೆ ಆ ಧಾನ್ಯ ಹೋದರೆ ಯಾವ ಮನೆಯಲ್ಲಿ ಯಾರ ಹೊಟ್ಟೆ ಖಾಲಿಯಾಗುತ್ತದೆ ಎಂಬುದು ನಮ್ಮ ಅನುಭವಕ್ಕೆ ಬರುವುದಿಲ್ಲ. ನಕ್ಷತ್ರಗಳ ನಡುವೆ ಹಾರಾಡುವ ಸೇನೆಗೆ ಒಂದು ಹಳ್ಳಿಯ ಬೆಳೆ ಇಷ್ಟೊಂದು ಅಗತ್ಯವೇಕೆ ಎಂದು ಹಲವು ಪ್ರೇಕ್ಷಕರು ಕೇಳಿದ್ದಾರೆ. ಅದನ್ನು ಕೊಂಕು ಎಂದು ತಳ್ಳಿಹಾಕಬಾರದು, ಏಕೆಂದರೆ ಆ ಒಂದು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಇಡೀ ಹೋರಾಟವೇ ಟೊಳ್ಳಾಗುತ್ತದೆ.

ಪಾತ್ರಗಳ ವಿಷಯವೂ ಹೀಗೆಯೇ. ಕುರೊಸಾವಾ ಅವರ ಚಿತ್ರದಲ್ಲಿ ಕ್ಯೂಜೊ ಎಂಬ ಕತ್ತಿವರಸೆಗಾರ ಯಾರಿಗೂ ಹೇಳದೆ ಕತ್ತಲಲ್ಲಿ ಹೊರಟುಹೋಗುತ್ತಾನೆ. ಬೆಳಗಾಗುವಾಗ ಶತ್ರುವಿನ ಬಂದೂಕು ಹಿಡಿದು ಮಂಜಿನೊಳಗಿಂದ ಬಂದು, ಅದನ್ನು ಒಪ್ಪಿಸಿ, ಒಂದು ಪಕ್ಕಕ್ಕೆ ಹೋಗಿ ನಿದ್ದೆಗೆ ಕಣ್ಣು ಮುಚ್ಚುತ್ತಾನೆ. ಅವನ ಪೂರ್ವಕಥೆಯನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ. ‘ರೆಬೆಲ್ ಮೂನ್’ ಎರಡನೆಯ ಭಾಗದಲ್ಲಿ ಯುದ್ಧಕ್ಕೆ ಮುನ್ನ ಯೋಧರೆಲ್ಲ ಮೇಜಿನ ಸುತ್ತ ಕುಳಿತು, ಸರದಿಯ ಮೇಲೆ ತಂತಮ್ಮ ಹಿಂದಿನ ದುಃಖವನ್ನು ಹೇಳಿಕೊಳ್ಳುತ್ತಾರೆ. ಮಾಹಿತಿ ನಮ್ಮ ಕೈಸೇರುತ್ತದೆ, ಮನುಷ್ಯರು ಮಾತ್ರ ದೂರವೇ ಉಳಿಯುತ್ತಾರೆ. ನಿಮಗಾದ ಬೇಸರದ ಮೂಲ ಇಲ್ಲಿದೆಯೆಂದು ನನಗನ್ನಿಸುತ್ತದೆ: ಚಿತ್ರವು ಹಳೆಯ ಚಿತ್ರಗಳ ಫಲವನ್ನು ಕಿತ್ತು ತಂದಿದೆ, ಆ ಫಲ ಮಾಗಲು ಅಲ್ಲಿ ಪಟ್ಟ ಪಾಡನ್ನು ತಂದಿಲ್ಲ.

ಪ್ರಶ್ನೆ: ಹಾಗಿದ್ದರೆ ಇದನ್ನು ಕಳ್ಳತನ ಎನ್ನಬಾರದೇ? ಬಾಹ್ಯಾಕಾಶ ಬಂದರಿನ ಮದ್ಯದಂಗಡಿ, ಬಾಡಿಗೆ ನೌಕೆಯ ಪೈಲಟ್, ಕೆಂಡದಂತೆ ಹೊಳೆಯುವ ಕತ್ತಿ, ಎಲ್ಲವೂ ‘ಸ್ಟಾರ್ ವಾರ್ಸ್’ನವೇ ಅಲ್ಲವೇ?

ಉತ್ತರ: ಆ ಪದವನ್ನು ಬಳಸಲು ನಾನು ಹಿಂಜರಿಯುತ್ತೇನೆ. ಕೃತಿಸ್ವಾಮ್ಯವು ಅಭಿವ್ಯಕ್ತಿಗೆ ಅನ್ವಯಿಸುತ್ತದೆಯೇ ಹೊರತು ಕಲ್ಪನೆಗಲ್ಲ ಎಂಬುದನ್ನು ಬೌದ್ಧಿಕ ಆಸ್ತಿ ಹಕ್ಕುಗಳ ಕುರಿತಾದ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿಯೇ ಹೇಳುತ್ತದೆ. ಬಂದರಿನಲ್ಲಿ ಪೈಲಟ್‌ನನ್ನು ಹುಡುಕುವುದು ಒಂದು ಕಲ್ಪನೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಗೆರೆ ದಾಟಿದಾಗ ಏನಾಗುತ್ತದೆಂಬುದಕ್ಕೂ ಕುರೊಸಾವಾ ಅವರ ಚಿತ್ರವೇ ಉದಾಹರಣೆ. 1961ರ ‘ಯೊಜಿಂಬೊ’ ಚಿತ್ರವನ್ನು ಅನುಮತಿಯಿಲ್ಲದೆ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ಅನುಸರಿಸಿ 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಬಂದಾಗ, ಮೂಲ ಚಿತ್ರದ ಕಡೆಯವರು ದಾವೆ ಹೂಡಿದರು. ಕೊನೆಗೆ ಗಳಿಕೆಯಲ್ಲಿ ಶೇ 15ರಷ್ಟು ಪಾಲು ಕೊಡುವ ಒಪ್ಪಂದದೊಂದಿಗೆ ವ್ಯಾಜ್ಯ ಬಗೆಹರಿಯಿತು. ಆ ನಕಲು ಚಿತ್ರವನ್ನು ಜನ ಇಂದಿಗೂ ಪ್ರೀತಿಯಿಂದ ನೋಡುತ್ತಾರೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಕಾನೂನಿನ ತೀರ್ಮಾನ ಮತ್ತು ರಸಿಕನ ತೀರ್ಮಾನ ಬೇರೆ ಬೇರೆ ದಾರಿ ಹಿಡಿಯಬಹುದು.

‘ಸ್ಟಾರ್ ವಾರ್ಸ್’ ಕೂಡ ಸ್ವಯಂಭುವಲ್ಲ. ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್ ಮೊದಲು ಮಾಡಬೇಕೆಂದಿದ್ದುದು ‘ಫ್ಲ್ಯಾಶ್ ಗಾರ್ಡನ್’ ಎಂಬ ಹಳೆಯ ಬಾಹ್ಯಾಕಾಶ ಸಾಹಸದ ಕಥೆಯನ್ನು. ಅದರ ಹಕ್ಕು ದೊರೆಯದಿದ್ದಾಗ ತಮ್ಮದೇ ಲೋಕವನ್ನು ಕಟ್ಟಿದರು. ದೊಡ್ಡವರ ಯುದ್ಧದ ಕಥೆಯನ್ನು ತೀರ ಕೆಳಗಿರುವ ಇಬ್ಬರ ಕಣ್ಣಿನಿಂದ ತೋರಿಸುವ ಬಗೆಯನ್ನು ಅವರು ಕುರೊಸಾವಾ ಅವರದೇ 1958ರ ‘ದಿ ಹಿಡನ್ ಫೋರ್ಟ್ರೆಸ್’ನಿಂದ ಪಡೆದರು. ಅಲ್ಲಿ ಸದಾ ಕಚ್ಚಾಡುವ ಇಬ್ಬರು ರೈತರಿದ್ದಾರೆ. ಇಲ್ಲಿ ಆ ಜಾಗಕ್ಕೆ ಎರಡು ರೋಬಾಟ್‌ಗಳು ಬಂದವು. ಒಂದು ರೋಬಾಟ್‌ಗೆ ಮನುಷ್ಯರ ಭಾಷೆಯೇ ಬಾರದು, ಬರೀ ಶಿಳ್ಳೆಯಂಥ ಸದ್ದು; ಇನ್ನೊಂದರ ಉತ್ತರದಿಂದಲೇ ಅದರ ಮಾತನ್ನು ನಾವು ಊಹಿಸಬೇಕು. ತಂದದ್ದನ್ನು ತನ್ನದಾಗಿಸಿಕೊಳ್ಳುವುದೆಂದರೆ ಇಂಥದ್ದು.

ಪ್ರಶ್ನೆ: ಇಡೀ ಚಿತ್ರದಲ್ಲಿ ಸ್ವಂತದ್ದೆಂದು ಹೇಳಿಕೊಳ್ಳುವಂಥದ್ದು ಒಂದೂ ಇಲ್ಲವೇ?

ಉತ್ತರ: ಇದೆ. ಜಿಮ್ಮಿ ಎಂಬ ಯುದ್ಧದ ರೋಬಾಟ್. ರಾಜನ ಕಾವಲಿಗೆಂದು ನಿರ್ಮಾಣವಾಗಿದ್ದ ಈ ಯಂತ್ರಗಳು, ರಾಜನ ಕೊಲೆಯಾದ ಮೇಲೆ ಆಯುಧ ಎತ್ತುವುದನ್ನೇ ನಿಲ್ಲಿಸಿಬಿಟ್ಟಿವೆ. ಸೈನಿಕರು ಅದನ್ನು ಹೊರೆ ಹೊರಲು ಬಳಸುತ್ತಾರೆ, ಒದ್ದು ಅವಮಾನಿಸುತ್ತಾರೆ. ಹಳ್ಳಿಯ ಹುಡುಗಿ ಸ್ಯಾಮ್ ಹೊಳೆಯ ಬಳಿ ಅದಕ್ಕೆ ಹೂವಿನ ಕಿರೀಟ ತೊಡಿಸುತ್ತಾಳೆ. ಆಂಥನಿ ಹಾಪ್ಕಿನ್ಸ್ ಅವರ ದಣಿದ, ಮೆಲುದನಿಯ ಮಾತು ಆ ಲೋಹದ ಮುಖಕ್ಕೆ ನಿಜವಾಗಿಯೂ ಜೀವ ತುಂಬಿದೆ. ಮುಂದೆ ಆ ಹುಡುಗಿಯನ್ನು ಕಾಪಾಡಲು ಅದು ಮೊದಲ ಬಾರಿಗೆ ಮತ್ತೆ ಆಯುಧ ಹಿಡಿಯುತ್ತದೆ. ಕೊಲ್ಲಲೆಂದೇ ಹುಟ್ಟಿದ ಯಂತ್ರವೊಂದು ಕೊಲ್ಲದಿರಲು ನಿರ್ಧರಿಸಿ, ಆ ನಿರ್ಧಾರವನ್ನು ಪ್ರೀತಿಗಾಗಿ ಮುರಿಯಬೇಕಾಗಿ ಬಂದರೆ ಅದರ ಒಳಗೆ ಏನಾಗುತ್ತದೆ? ಇದು ವೈಜ್ಞಾನಿಕ ಕಥೆಯಲ್ಲಿ ಮಾತ್ರ ಕೇಳಬಹುದಾದ ಪ್ರಶ್ನೆ, ಇಡೀ ಚಿತ್ರವನ್ನೇ ಹೊರಬಲ್ಲ ಪ್ರಶ್ನೆ. ಆದರೆ ಜಿಮ್ಮಿ ಹಳ್ಳಿ ಬಿಟ್ಟು ಹೊರಟುಹೋಗುತ್ತದೆ. ಮೊದಲ ಭಾಗದ ಕೊನೆಯಲ್ಲಿ ಕೊಂಬುಗಳ ಕಿರೀಟ ಧರಿಸಿ ದೂರದಲ್ಲಿ ಒಮ್ಮೆ ನಿಂತು ಕಾಣಿಸುತ್ತದೆ, ಎರಡನೆಯ ಭಾಗದಲ್ಲಿ ಕಾಳಗಕ್ಕೆ ಒದಗುತ್ತದೆ. ಆ ಹೊಳೆಯ ದಂಡೆಯಿಂದ ಆ ಕೊಂಬಿನ ಕಿರೀಟದವರೆಗೆ ಅದು ನಡೆದ ದಾರಿಯನ್ನು ನೋಡುವ ಆಸೆ ನನ್ನಲ್ಲಿ ಇನ್ನೂ ಉಳಿದಿದೆ. ಚಿತ್ರವನ್ನು ಇಷ್ಟಪಡದವರೂ ಜಿಮ್ಮಿಯ ಬಗ್ಗೆ ಮಾತ್ರ ಮೃದುವಾಗಿ ಬರೆದಿರುವುದನ್ನು ಗಮನಿಸಿದ್ದೇನೆ.

ಪ್ರಶ್ನೆ: ಎಲ್ಲರೂ ಬೈದ ಚಿತ್ರ ನೆಟ್‌ಫ್ಲಿಕ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಹೇಗೆ? ವಿಮರ್ಶಕರು ಸುಳ್ಳೇ, ಪಟ್ಟಿ ಸುಳ್ಳೇ?

ಉತ್ತರ: ಎರಡೂ ಸುಳ್ಳಲ್ಲ, ಅಳೆಯುತ್ತಿರುವ ವಸ್ತುಗಳೇ ಬೇರೆ. ಚಿತ್ರವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ಜಾಲತಾಣದಲ್ಲಿ ವಿಮರ್ಶಕರ ಶೇಕಡಾವಾರು ಎಂದರೆ ಸರಾಸರಿ ಅಂಕವಲ್ಲ. ಎಷ್ಟು ಮಂದಿ ವಿಮರ್ಶಕರು ಒಟ್ಟಿನಲ್ಲಿ ಮೆಚ್ಚಿ ಬರೆದರು ಎಂಬ ಪಾಲು ಅದು. ಮೊದಲ ಭಾಗವನ್ನು ಮೆಚ್ಚಿದವರ ಪಾಲು ನಾಲ್ಕನೇ ಒಂದಕ್ಕಿಂತ ಕಡಿಮೆ. ನೆಟ್‌ಫ್ಲಿಕ್ಸ್ 2023ರ ಜೂನ್‌ನಿಂದ ವೀಕ್ಷಣೆಯನ್ನು ಲೆಕ್ಕ ಹಾಕುವ ಕ್ರಮವೇ ಬೇರೆ: ಜನ ನೋಡಿದ ಒಟ್ಟು ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸುತ್ತಾರೆ. ಇಬ್ಬರು ಅರ್ಧರ್ಧ ನೋಡಿ ಎದ್ದುಹೋದರೂ ಅದು ಒಂದು ಪೂರ್ಣ ವೀಕ್ಷಣೆಯೇ. 2020ರಲ್ಲಂತೂ ಎರಡು ನಿಮಿಷ ನೋಡಿದರೂ ಸಾಕು, ನೋಡಿದವರ ಲೆಕ್ಕಕ್ಕೆ ಸೇರಿಸುತ್ತಿದ್ದರು. ಮನೆಯಲ್ಲಿ ಚಂದಾ ಕಟ್ಟಿಯಾಗಿದೆ, ಹೆಸರಾಂತ ನಿರ್ದೇಶಕರ ಭಾರಿ ಚಿತ್ರವೆಂದು ಮುಖಪುಟದಲ್ಲೇ ಕಾಣುತ್ತಿದೆ, ಒತ್ತುವುದೊಂದೇ ಬಾಕಿ. ಮೊದಲ ವಾರದ ಸಂಖ್ಯೆ ಆ ಕುತೂಹಲವನ್ನು ಅಳೆಯುತ್ತದೆ. ನೋಡಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದನ್ನು ಅಳೆಯುವುದು ಅದರ ಕೆಲಸವಲ್ಲ.

ಪ್ರಶ್ನೆ: ನಿರ್ದೇಶಕರ ದೀರ್ಘ ಆವೃತ್ತಿ ನೋಡಿದರೆ ಈ ಕೊರತೆಗಳು ನೀಗುತ್ತವೆಯೇ?

ಉತ್ತರ: 2024ರ ಆಗಸ್ಟ್‌ನಲ್ಲಿ ಎರಡೂ ಭಾಗಗಳ ದೀರ್ಘ ಆವೃತ್ತಿಗಳು ಬಂದವು, ಮೊದಲನೆಯದರ ಅವಧಿ ಮೂರು ಗಂಟೆಗೂ ಹೆಚ್ಚು. ಅದರಲ್ಲಿ ಹಿಂಸೆ ಬಹಳ ಹೆಚ್ಚಾಗಿದೆ, ಮಕ್ಕಳ ಜೊತೆ ನೋಡುವಂಥದ್ದಲ್ಲ. ಲೋಕದ ವಿವರಗಳು ತುಂಬಿಕೊಂಡಿವೆ. ಹಂದರ ಮಾತ್ರ ಅದೇ. ಮೊದಲ ಆವೃತ್ತಿ ಹಿಡಿಸಿದ್ದವರು ನೋಡಬಹುದು, ಹಿಡಿಸದವರು ಅಷ್ಟು ಹೊತ್ತನ್ನು ಬೇರೊಂದು ಚಿತ್ರಕ್ಕೆ ಕೊಡಬಹುದು.

ಪ್ರಶ್ನೆ: ನನಗೆ ಹದಿನೇಳು ವರ್ಷ. ನೀವು ಹೇಳುವ ಹಳೆಯ ಚಿತ್ರಗಳಲ್ಲಿ ಒಂದನ್ನೂ ನೋಡಿಲ್ಲ. ‘ರೆಬೆಲ್ ಮೂನ್’ ನನಗೆ ತುಂಬ ಇಷ್ಟವಾಯಿತು. ಹಾಗೆಂದು ಹೇಳಿದ್ದಕ್ಕೆ, ಅಭಿರುಚಿಯೇ ಇಲ್ಲದವನೆಂದು ನಕ್ಕರು. ನಾನು ನೋಡಿದ್ದು ತಪ್ಪೇ?

ಉತ್ತರ: ಖಂಡಿತ ಅಲ್ಲ, ಮತ್ತು ನಕ್ಕವರು ನಿಮ್ಮ ಕ್ಷಮೆ ಕೇಳಬೇಕು. “ಎಲ್ಲೋ ನೋಡಿದ ಹಾಗಿದೆ” ಎಂಬ ದೂರು ನೋಡಿದವನ ನೆನಪಿನಿಂದ ಹುಟ್ಟುತ್ತದೆ. ಆ ನೆನಪು ಇಲ್ಲದವನಿಗೆ ಅದೇ ದೃಶ್ಯ ಮೊದಲ ಮಳೆಯಷ್ಟೇ ಹೊಸದು. 1977ರಲ್ಲಿ ‘ಸ್ಟಾರ್ ವಾರ್ಸ್’ ನೋಡಿ ಮೈಮರೆತ ಎಷ್ಟೋ ಮಕ್ಕಳು ಕುರೊಸಾವಾ ಅವರ ಹೆಸರನ್ನೂ ಕೇಳಿರಲಿಲ್ಲ. ಕೆಲವೇ ಮಂದಿ ಸೇರಿ ಹಳ್ಳಿಯೊಂದನ್ನು ಉಳಿಸುವ ಕಥೆಗೆ ನಿಮ್ಮ ಎದೆ ಮಿಡಿದಿದ್ದರೆ, ನೀವು ಮಿಡಿದದ್ದು ಎಪ್ಪತ್ತು ವರ್ಷಗಳಿಂದ ಜಗತ್ತಿನ ಪ್ರೇಕ್ಷಕರನ್ನು ಹಿಡಿದಿಟ್ಟಿರುವ ಕಥೆಗೇ. ಸೋಸಿ ಸೋಸಿ ಬಂದಿರಬಹುದು, ಆದರೂ ಆ ಕಥೆಯ ಬಿಸಿ ನಿಮ್ಮನ್ನು ಮುಟ್ಟಿದೆ. ಆ ಸಂತೋಷವನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ.

ನಿಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ‘ಸೆವೆನ್ ಸಮುರಾಯ್’ ನೋಡಿ. ಕಪ್ಪು ಬಿಳುಪಿನ, ಜಪಾನಿ ಭಾಷೆಯ, 207 ನಿಮಿಷಗಳ ಚಿತ್ರ ಎಂದು ಅಂಜಬೇಡಿ. ನಡುವೆ ಅವರೇ ವಿರಾಮ ಕೊಟ್ಟಿದ್ದಾರೆ, ಬೇಕಾದರೆ ಅಲ್ಲಿ ನಿಲ್ಲಿಸಿ ಮರುದಿನ ಮುಂದುವರಿಸಿ. ಆರಂಭದಲ್ಲಿ ಕಂಬೇ ಹೊಳೆಯ ಬದಿಯಲ್ಲಿ ಕುಳಿತು ತನ್ನ ಜುಟ್ಟನ್ನು ತೆಗೆಸಿ ತಲೆ ಬೋಳಿಸಿಕೊಳ್ಳುತ್ತಾನೆ. ಸಮುರಾಯ್ ಒಬ್ಬನಿಗೆ ಜುಟ್ಟು ಮರ್ಯಾದೆಯ ಗುರುತು. ಅದನ್ನು ಆತ ಏಕೆ ಕಳೆದುಕೊಳ್ಳುತ್ತಿದ್ದಾನೆಂದು ಮೊದಲಿಗೆ ನಮಗೆ ತಿಳಿಯದು. ಆಮೇಲೆ ಭಿಕ್ಷುವಿನ ನಿಲುವಂಗಿ ತೊಟ್ಟು, ಎರಡು ಅನ್ನದ ಉಂಡೆ ಹಿಡಿದು, ಮಗುವನ್ನು ಒತ್ತೆಯಿಟ್ಟುಕೊಂಡ ಕಳ್ಳ ಅಡಗಿರುವ ಗುಡಿಸಲಿನ ಬಾಗಿಲಿಗೆ ಹೋಗುತ್ತಾನೆ. ನಾಯಕನ ಪರಿಚಯ ಅಷ್ಟೇ. ಅಲ್ಲಿಂದ ಮುಂದಕ್ಕೆ ನೀವೇ ನೋಡಿ, ನೋಡಿದ ಮೇಲೆ ಎರಡು ಚಿತ್ರಗಳ ಬಗ್ಗೆಯೂ ನಿಮಗೆ ಅನ್ನಿಸಿದ್ದನ್ನು ನನಗೆ ಬರೆಯಿರಿ. ನಿಮ್ಮ ಪತ್ರವನ್ನು ಈ ಅಂಕಣದಲ್ಲಿ ಪ್ರಕಟಿಸುತ್ತೇನೆ.