ಊರೆಲ್ಲಾ ಸೆಲ್ಯೂಟ್ ಹೊಡೀತಿತ್ತು, ಮಗಳಿಗೆ ಅಳು ಬರ್ಲಿಲ್ಲ

ಗುರುತು ಸಿಗೋ ಅಂಥ ವಿವರ ಎಲ್ಲಾ ಬದಲಾಯಿಸಿದೀನಿ, ಮನೆಯವರನ್ನ ಕೇಳಿಯೇ ಬರೀತಿರೋದು.

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದವರು ಐವತ್ತರ ಹತ್ರದ ಹೆಣ್ಮಗಳು, ಬ್ಯಾಂಕ್ ಕೆಲ್ಸ, ಮನೆ ಲಿಂಗರಾಜಪುರದ ಕಡೆ. ನಿದ್ದೆ ಬರ್ತಿಲ್ಲ ಅಂತ ಬಂದಿದ್ದು. ಬಿಪಿ, ಮೆನೋಪಾಸು, ಆಫೀಸ್ ಟಾರ್ಗೆಟ್ಟು ಅಂತ ಎಲ್ಲಾ ಹೇಳಿ ಮುಗಿಸಿದ್ಮೇಲೆ ಎದ್ದು ಹೋಗೋ ಹೊತ್ತಿಗೆ ಅಂದ್ರು, "ಮೇಡಂ, ನಮ್ಮಪ್ಪ ಹೋಗಿ ಎರಡು ತಿಂಗಳಾಯ್ತು, ನಂಗೆ ಒಂದು ಹನಿ ಕಣ್ಣೀರು ಬಂದಿಲ್ಲ, ಉಸಿರು ನಿಂತಾಗ ಒಳಗೆ ಹಗುರ ಆಯ್ತು, ನಾನೆಂಥ ಮಗಳು?"

ಅಪ್ಪ ಕೋಲಾರದ ಕಡೆಯವರು, ಹಲಸೂರು ಕೆರೆ ಪಕ್ಕದ ಎಂಇಜಿಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಟ್ರೈನಿಂಗ್ ಆಗಿ ಮದ್ರಾಸ್ ಸ್ಯಾಪರ್, ಅಂದ್ರೆ ಸೈನ್ಯದ ಎಂಜಿನಿಯರಿಂಗ್ ದಳದ ಸೈನಿಕ, ಆದವರು, ಸೈನ್ಯದಲ್ಲಿ 'ತಂಬಿ'ಗಳು ಅಂತಾರಲ್ಲ, ಅವ್ರು. ರಿಟೈರ್ ಆದ್ಮೇಲೆ ಒಂದು ಫ್ಯಾಕ್ಟರಿಲಿ ಸೆಕ್ಯೂರಿಟಿ, ಆಮೇಲೆ ಮನೆ, ಕೊನೇ ಮೂರು ವರ್ಷ ಹಾಸಿಗೆ, ಅಷ್ಟೂ ದಿನ ಸೇವೆ ಮಾಡಿದ್ದು ಇದೇ ಮಗಳು. ಎಂಬತ್ತು ದಾಟಿ ತೀರ್ಕೊಂಡ್ರು. ಸತ್ತ ಮಾರನೇ ದಿನ ಕ್ರಾಸಲ್ಲಿ 'ವೀರಯೋಧನಿಗೆ ಅಶ್ರುತರ್ಪಣ' ಅಂತ ಫ್ಲೆಕ್ಸು, ಅದ್ರಲ್ಲಿ ಅಪ್ಪನಿಗಿಂತ ವಾರ್ಡಿನ ಲೀಡರ್ ಫೋಟೋನೇ ದೊಡ್ಡದು. ಬಂದವರೆಲ್ಲಾ ಇವರ ಕೈ ಹಿಡ್ಕೊಂಡು "ಪುಣ್ಯ ಮಾಡಿದ್ರಿ, ಅಂಥ ತಂದೆ" ಅನ್ನೋರು. ಅಣ್ಣ ಮಾತ್ರ ಹುಬ್ಬಳ್ಳಿಯಿಂದ ಬಂದು ಕೊಳ್ಳಿ ಇಟ್ಟು ಅದೇ ರಾತ್ರಿ ಬಸ್ ಹತ್ತಿದ, ಹನ್ನೊಂದನೇ ದಿನದ ಕಾರ್ಯಕ್ಕೂ ಬರ್ಲಿಲ್ಲ, ನೆಂಟರೆಲ್ಲಾ ಬಾಯಿಗೆ ಬಂದಂಗೆ ಬೈದ್ರು.

ಅಣ್ಣ ಯಾಕೆ ಹಂಗೆ ಅಂದ್ರೆ ಎಂಬತ್ತರ ದಶಕದಲ್ಲಿ ಆ ಲೇಔಟ್ ಪೂರ್ತಿ ಖಾಲಿ ಸೈಟು, ಸೈಟಿನ ತುಂಬ ಎದೆ ಮಟ್ಟ ಕಾಂಗ್ರೆಸ್ ಗಿಡ. ಒಂಬತ್ತು ವರ್ಷದ ಹುಡುಗ ಬಾಲ್ ತರೋಕೆ ಗಿಡದೊಳಗೆ ನುಗ್ಗಿದ್ದಾನೆ, ಅಪ್ಪ ರಸ್ತೆಯಲ್ಲೇ ನಿಂತು ಕಿರುಚಿದ್ದಾರೆ, ಒಳಗೆ ಹೋಗಿ ಎಳ್ಕೊಂಡು ಬಂದಿಲ್ಲ, ಅವನು ತಾನಾಗೇ ಹೊರಗೆ ಬರೋವರ್ಗೂ ಕಾದು, ಬಂದ್ಮೇಲೆ ಬೆಲ್ಟ್ ತೆಗೆದಿದ್ದಾರೆ. ಬಕಲ್ ತಾಗಿದ ಗುರುತು ಈಗ್ಲೂ ಹುಬ್ಬಿನ ಮೇಲಿದೆ. ಅದೊಂದೇ ಸಲ ಅಲ್ಲ. ಹುಲ್ಲಿನ ಮೇಲೆ ಕಾಲಿಟ್ರೆ ಏಟು, ಹೇಳ್ದೆ ಹಿತ್ತಲಿಗೆ ಹೋದ್ರೆ ಏಟು. ಕೊನೆಗೆ ಮನೆ ಸುತ್ತ ಒಂದಿಂಚು ಮಣ್ಣು ಬಿಡದ ಹಾಗೆ ಸಿಮೆಂಟ್ ಹಾಕ್ಸಿದ್ರು, ಅಮ್ಮ ಒಂದು ದಾಸವಾಳ ನೆಡ್ತೀನಿ ಅಂದಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ರಂತೆ.

ಯುದ್ಧದ ಬಗ್ಗೆ ಮನೇಲಿ ತುಟಿ ಬಿಚ್ಚಿದವರಲ್ಲ. ಕಾರ್ಯದ ದಿನ ಅಪ್ಪನ ಜೊತೆಗಿದ್ದ ಒಬ್ರು ಹಳೇ ಸ್ಯಾಪರ್ ಬಂದು ಊಟಕ್ಕೆ ಕೂತಾಗ ಸುಮ್ನೆ ಮಾತಿಗೆ ಅಂದಿದ್ದಾರೆ, "ಬಸಂತರ್‌ನಲ್ಲಿ ನಿಮ್ಮಪ್ಪ ಲೇನ್ ಮಾಡಿದ್ರಮ್ಮ." 1971ರ ಪಾಕಿಸ್ತಾನ ಯುದ್ಧ, ಡಿಸೆಂಬರ್ 15ರ ರಾತ್ರಿ, ಶಕರ್‌ಗಢ ಸೆಕ್ಟರ್. ಬಸಂತರ್ ನದಿ ಆಚೆ ನಮ್ಮ ಕಾಲಾಳುಗಳು ದಾಟಿದ್ರು, ಆದ್ರೆ ಟ್ಯಾಂಕ್ ಹೋಗ್ಬೇಕಂದ್ರೆ ಪಾಕಿಸ್ತಾನದವರು ಹೂತಿದ್ದ ನೆಲಬಾಂಬ್, ಅಂದ್ರೆ ಮೈನ್‌ಗಳ ಮಧ್ಯೆ ದಾರಿ ಮಾಡ್ಬೇಕು, ಅದು ಸ್ಯಾಪರ್‌ಗಳ ಕೆಲ್ಸ, ಮೇಲೆ ಶೆಲ್ ಬೀಳ್ತಿರುತ್ತೆ. ದಾರಿ ಪೂರ್ತಿ ಆಗೋಕೆ ಮುಂಚೇನೇ ಟ್ಯಾಂಕ್ ರೆಜಿಮೆಂಟ್ ಪೂನಾ ಹಾರ್ಸ್‌ನ ಟ್ಯಾಂಕ್‌ಗಳು ನುಗ್ಗಬೇಕಾಯ್ತು, ಮಾರನೇ ದಿನ ಅದೇ ರೆಜಿಮೆಂಟಿನ ಇಪ್ಪತ್ತೊಂದು ವರ್ಷದ ಆಫೀಸರ್ ಅರುಣ್ ಖೇತ್ರಪಾಲ್ ಸತ್ತಿದ್ದು ಅಲ್ಲೇ, ಮರಣೋತ್ತರ ಪರಮವೀರ ಚಕ್ರ ಬಂತು. ಆವತ್ತೇ ಡಾಕಾದಲ್ಲಿ ಶರಣಾಗತಿ, ನಾವು ವಿಜಯ ದಿವಸ್ ಮಾಡೋದು ಅದೇ 16ಕ್ಕೆ.

ಇಷ್ಟು ಕೇಳಿದ್ಮೇಲೆ ಈಕೆಗೆ ಕಾಂಗ್ರೆಸ್ ಗಿಡ, ಹುಲ್ಲು, ಸಿಮೆಂಟು ಎಲ್ಲಾ ಒಟ್ಟಿಗೆ ತಲೆಗೆ ಹೊಡೀತು. ನಿದ್ದೆ ಹೋಗಿದ್ದು ಆವತ್ತಿಂದ, ಅಪ್ಪ ಹೋದ ದಿನದಿಂದಲ್ಲ. "ಮೊದ್ಲಾದ್ರೆ ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ಇರ್ತಿದ್ದೆ, ಈಗ ಅದಕ್ಕೂ ಹಕ್ಕಿಲ್ಲ" ಅಂದ್ರು.

ನಾನು ಹೇಳಿದ್ದು, ಹಕ್ಕಿದೆ. ಸತ್ತವರಿಗೆ ನಾನು ಡಯಾಗ್ನೋಸಿಸ್ ಕೊಡೋಕಾಗಲ್ಲ, ಕೊಡಲೂಬಾರ್ದು, ಆದ್ರೆ ಯುದ್ಧ ನೋಡಿ ಬಂದವರಲ್ಲಿ ಸದಾ ಅಪಾಯ ಕಾಯ್ತಾ ಇರೋದು, ಆ ಜಾಗ ನೆನಪಿಸೋದನ್ನೆಲ್ಲಾ ದೂರ ಇಡೋದು, ಇದ್ದಕ್ಕಿದ್ದಂಗೆ ಸಿಡಿಯೋದು ಇವೆಲ್ಲಾ ಗೊತ್ತಿರೋ ಲಕ್ಷಣಗಳೇ. ಪಿಟಿಎಸ್‌ಡಿ ಅನ್ನೋದು, ಅಂದ್ರೆ ಭೀಕರ ಅನುಭವದ ನಂತರ ಮನಸ್ಸಲ್ಲಿ ಉಳಿಯೋ ತೊಂದರೆ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ, ಅಪ್ಪ ಯುದ್ಧದಿಂದ ಬಂದಾಗ ಯಾರು ಏನಂತ ನೋಡೋರು? ಗಿಡದೊಳಗೆ ಮಗ ನುಗ್ಗಿದಾಗ ಅವ್ರಿಗೆ ಕಂಡಿದ್ದು ಏನು ಅಂತ ಈಗ ಊಹೆ ಮಾಡಬಹುದು. ಆದ್ರೆ ಆ ಹುಡುಗ ಒಳಗಿರೋವರ್ಗೂ ಅವರದ್ದು ಭಯ, ಹೊರಗೆ ಬಂದ್ಮೇಲೆ ಬಿದ್ದಿದ್ದು ಏಟು, ಏಟು ತಿಂದಿದ್ದು ಒಂಬತ್ತು ವರ್ಷದ ಮಗು. ಕಾರಣ ಗೊತ್ತಾಯ್ತು ಅಂತ ಗಾಯ ಸುಳ್ಳಾಗಲ್ಲ. ಫ್ಲೆಕ್ಸಲ್ಲಿರೋ ಯೋಧನೂ ನಿಜ, ಬೆಲ್ಟ್ ಹಿಡಿದ ಅಪ್ಪನೂ ನಿಜ, ಇವರಿಬ್ಬರಲ್ಲಿ ಒಬ್ಬರನ್ನ ಆರಿಸ್ಕೋಬೇಕು ಅಂತ ಕೂತ್ರೆ ನಿದ್ದೆ ಬರಲ್ಲ.

ಹಗುರ ಆಗಿದ್ದರ ಬಗ್ಗೆ ಸಿಂಪಲ್ಲಾಗಿ ಹೇಳ್ದೆ. ಮೂರು ವರ್ಷ ಡೈಪರ್, ಟ್ಯೂಬು, ಬೆನ್ನುಹುಣ್ಣು ನೋಡಿದ ದೇಹ ಅದು, ತಲೆ ಮೇಲಿನ ಮೂಟೆ ಇಳಿಸಿದವರಿಗೆ ಮೊದ್ಲು ಕತ್ತು ಹಗುರ ಆಗುತ್ತೆ, ಪ್ರೀತಿ ಇಲ್ಲ ಅಂತಲ್ಲ ಅದು. ಬಹಳ ಜನ ಹೇಳ್ತಾರೆ ಇದನ್ನ, ಬಾಗಿಲು ಹಾಕಿದ್ಮೇಲೆ ಹೇಳ್ತಾರೆ ಅಷ್ಟೇ.

ಆಮೇಲೆ ಒಂದು ಸಲ ಅಮ್ಮನೂ ಜೊತೆಗೆ ಬಂದ್ರು. ಮದುವೆಯಾದ ಹೊಸದ್ರಲ್ಲಿ ಬೆಳಿಗ್ಗೆ ಭುಜ ಮುಟ್ಟಿ ಎಬ್ಬಿಸೋಕೆ ಹೋಗಿ ಗಂಡ ಕತ್ತು ಹಿಡಿದಿದ್ದರಂತೆ, ಕಣ್ಣು ಬಿಟ್ಟು ನೋಡಿ ಅವರೇ ನಡುಗಿಹೋದ್ರಂತೆ. ಅಲ್ಲಿಂದ ಮುಂದೆ ಜೀವಮಾನ ಪೂರ್ತಿ ಬಾಗಿಲ ಹತ್ರ ನಿಂತು ಬಳೆ ಸದ್ದು ಮಾಡಿ ಎಬ್ಬಿಸಿದ್ದಾರೆ. ಕೈಯೆತ್ತಿ ಮಾಡಿ ತೋರಿಸಿದ್ರು, ಬಳೆ ಈಗಿಲ್ಲ. ಮಗಳು ಅಮ್ಮನನ್ನೇ ನೋಡ್ತಾ ಕೂತಿದ್ರು, "ಇದನ್ನ ಯಾಕೆ ಹೇಳ್ಲಿಲ್ಲ?" ಅಂದ್ರು, ಅಮ್ಮ "ಹೇಳೋಕೇನಿತ್ತು" ಅಂದ್ರು. ಆಮೇಲೆ ಮಗಳು ಅತ್ತಿದ್ದು, ಅಪ್ಪನಿಗೋ ಅಮ್ಮನಿಗೋ ನಾನು ಕೇಳೋಕೆ ಹೋಗ್ಲಿಲ್ಲ.

ಸಲಹೆ ಅಂತ ಕೊಟ್ಟಿದ್ದು. ಅಣ್ಣನಿಗೆ ಬಸಂತರ್ ಕಥೆ ಹೇಳಿ "ಪಾಪ ಕಣೋ, ಕ್ಷಮಿಸಿಬಿಡು" ಅಂತ ಮೆಸೇಜ್ ಹಾಕ್ಬೇಡಿ ಅಂದೆ, ಡ್ರಾಫ್ಟ್ ಮಾಡಿಟ್ಟಿದ್ರು. ಮೊದ್ಲು "ನಿಂಗೆ ಹೊಡೆದಿದ್ದು ತಪ್ಪು, ನಾನು ನೋಡಿದೀನಿ" ಅನ್ನೋದು ಹೋಗ್ಲಿ, ಅಪ್ಪನ ಕಥೆ ಅಣ್ಣನೇ ಕೇಳಿದಾಗ ಹೇಳಿದ್ರಾಯ್ತು. ಕ್ಷಮೆ ಅಣ್ಣನ ವಿಷ್ಯ, ತಂಗಿ ಏಜೆಂಟ್ ಆಗಬೇಕಿಲ್ಲ. ವಿಜಯ ದಿವಸ್‌ಗೆ ಮಾಜಿ ಸೈನಿಕರ ಸಂಘದವರು ಅಪ್ಪನ ಬಗ್ಗೆ ಎರಡು ಮಾತು ಆಡಿ ಅಂದಿದ್ದಾರೆ, ಹೋಗ್ಲಾ ಅಂದ್ರು. ಸುಳ್ಳು ಹೇಳದೆ ಆಡೋಕಾದ್ರೆ ಹೋಗಿ, ಮನೇಲಿ ಅವ್ರು ಯುದ್ಧದ ಮಾತೇ ಆಡ್ಲಿಲ್ಲ ಅನ್ನೋದನ್ನೂ ಹೇಳಬಹುದು, ಹೋಗದಿದ್ರೂ ನಷ್ಟವಿಲ್ಲ.

ಅಮ್ಮನ ಫ್ಯಾಮಿಲಿ ಪೆನ್ಷನ್ ಇನ್ನೂ ಶುರು ಆಗಿರ್ಲಿಲ್ಲ, ದುಃಖದ ಜೊತೆ ಈ ಓಡಾಟನೂ ನಿದ್ದೆ ಕೆಡಿಸುತ್ತೆ. ಮರಣ ಪತ್ರ, ಪಿಪಿಒ (ಪೆನ್ಷನ್ ಆದೇಶ ಪತ್ರ) ಹಿಡ್ಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗೋಕೆ ಹೇಳಿದೀನಿ, ಅವರು ಸೈನಿಕರ ಪೆನ್ಷನ್‌ಗಿರೋ ಸ್ಪರ್ಶ್ ಪೋರ್ಟಲ್‌ನಲ್ಲಿ ದಾರಿ ತೋರಿಸ್ತಾರೆ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ ಅಮ್ಮನಿಗೆ ಮುಂದುವರಿಯುತ್ತೆ, ಎಂಬತ್ತು ತುಂಬಿದ್ಮೇಲೆ ಫ್ಯಾಮಿಲಿ ಪೆನ್ಷನ್‌ಗೆ 20% ಹೆಚ್ಚುವರಿ ಸೇರುತ್ತೆ. ರಾತ್ರಿ ತೀರಾ ಕಷ್ಟ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಸಿಮೆಂಟ್ ಒಡೆದು ದಾಸವಾಳ ಹಾಕೋಣ ಅಂತ ಮಗಳಿಗೆ ಆಸೆ ಬಂದಿತ್ತು, ಅಮ್ಮನನ್ನ ಕೇಳಿ ಅಂದೆ. ಅಮ್ಮ ಈಗ ಬೇಡ ಅಂದ್ರಂತೆ, ಅದನ್ನ ಅಲ್ಲಿಗೇ ಬಿಡಿ ಅಂತ ಹೇಳಿದೀನಿ. ಅಣ್ಣ ಯಾರ ಹತ್ರಾದ್ರೂ ಮಾತಾಡ್ತೀನಿ ಅಂದ್ರೆ ಹುಬ್ಬಳ್ಳಿಯಲ್ಲೇ ಬೇರೆ ಕೌನ್ಸೆಲರ್ ನೋಡ್ಲಿ, ಅವರ ಸಿಟ್ಟನ್ನ ತಂಗಿಯ ಕೌನ್ಸೆಲರ್ ಹತ್ರ ಹೇಳ್ಕೊಳ್ಳೋ ಹಾಗಾಗೋದು ಬೇಡ. ಮಗಳು ಈಗ ರಾತ್ರಿ ನಾಲ್ಕೈದು ಗಂಟೆ ನಿದ್ದೆ ಮಾಡ್ತಿದ್ದಾರೆ, ಸೆಷನ್ ನಡೀತಾ ಇದೆ.