ಹಿಂದಿನ ಸ್ಪಾರನ್ನು ಕೊನೆಗೆ ಕೊರೆಯಿರಿ

ಗದಗಿನ ಶೆಡ್ಡಿನಲ್ಲಿ ಎರಡು ಆಸನಗಳ ಲೋಹದ ವಿಮಾನ ಕಟ್ಟುತ್ತಿರುವ ತಾವು, ಮುಖ್ಯ ಸ್ಪಾರಿನ (ರೆಕ್ಕೆಯೊಳಗೆ ಬುಡದಿಂದ ತುದಿಯತ್ತ ಸಾಗುವ ತೊಲೆಯ) ಬೋಲ್ಟುಗಳು ಕೂತ ಮೇಲೆ ಹಿಂದಿನ ಸ್ಪಾರನ್ನು ಯಾವಾಗ ಕೊರೆಯಬೇಕೆಂದು ಕೇಳಿದ್ದೀರಿ. ಎಲ್ಲ ಅಳತೆಗಳೂ ಮುಗಿದ ಮೇಲೆಯೇ ಕೊರೆಯಬೇಕು, ಏಕೆಂದರೆ ಒಡಲಿಗೆ ರೆಕ್ಕೆ ಕೂರುವ ಕೋನವನ್ನು ಶಾಶ್ವತವಾಗಿ ನಿಶ್ಚಯಿಸುವುದು ಆ ಒಂದು ರಂಧ್ರವೇ.

ಮೊದಲು ವಿಮಾನದ ಒಡಲನ್ನು ಉದ್ದಕ್ಕೂ ಅಡ್ಡಕ್ಕೂ ಮಟ್ಟಕ್ಕೆ ತನ್ನಿ. ಗೌಂಡಿಗಳು ಬಳಸುವ ನೀರಿನ ಪೈಪು ಸಾಕು, ಆದರೆ ಅದರೊಳಗೆ ಗಾಳಿಗುಳ್ಳೆ ಇರಬಾರದು. ಬಳಿಕ ಎರಡೂ ರೆಕ್ಕೆಗಳ ಮುಂದಿನ ಅಂಚಿನಿಂದ ತೂಗುಗುಂಡುಗಳನ್ನು ಇಳಿಬಿಟ್ಟು, ನಕ್ಷೆಯಲ್ಲಿ ಅಂಚು ನೇರವಾಗಿದ್ದರೆ ದಾರಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವಂತೆ ಹೊಂದಿಸಿ, ಬಾಲದ ನಡುಗೆರೆಯ ಒಂದೇ ಬಿಂದುವಿನಿಂದ ಎರಡೂ ರೆಕ್ಕೆಗಳ ತುದಿಗಳ ದೂರ ಸಮವಾಗಿದೆಯೇ ಎಂದು ಉಕ್ಕಿನ ಟೇಪಿನಿಂದ ನೋಡಿ. ಗದಗಿನ ಗಾಳಿ ತಮಗೆ ಗೊತ್ತಿರುವುದೇ. ಬೆಳಗಿನ ಜಾವ ಅಳೆಯಿರಿ, ಗುಂಡನ್ನು ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿದರೆ ತೂಗಾಟ ಬೇಗ ನಿಲ್ಲುತ್ತದೆ.

ಕೋನವನ್ನು ಬುಡದಲ್ಲೂ ತುದಿಯಲ್ಲೂ ಅಳೆಯಿರಿ. ಎಡಬಲಗಳಲ್ಲಿ ವ್ಯತ್ಯಾಸ ಉಳಿದರೆ ವಿಮಾನ ಒಂದು ಬದಿಗೆ ವಾಲುತ್ತಲೇ ಹಾರುತ್ತದೆ. ರಂಧ್ರದ ನಡುವಿನಿಂದ ಲೋಹದ ಅಂಚಿಗೆ ಬೋಲ್ಟಿನ ವ್ಯಾಸದ ಎರಡರಷ್ಟಾದರೂ ಅಂತರ ಉಳಿಯುತ್ತದೆಯೇ ಎಂದು ಗೆರೆ ಎಳೆದು ನೋಡಿ, ಕ್ಲ್ಯಾಂಪ್ ಬಿಗಿದು, ಮತ್ತೊಮ್ಮೆ ಅಳೆದು, ಸಣ್ಣ ರಂಧ್ರದಿಂದ ಆರಂಭಿಸಿ ಕೊನೆಯ ಅಳತೆಗೆ ರೀಮರ್ (ರಂಧ್ರವನ್ನು ನಯವಾಗಿ ಹಿಗ್ಗಿಸುವ ಉಪಕರಣ) ಬಳಸಿ. ಅಂತರ ಸಾಲದಿದ್ದರೆ ದಯವಿಟ್ಟು ಕೊರೆಯಬೇಡಿ. ಮೊದಲು ನಕ್ಷೆ ಕೊಟ್ಟವರನ್ನು ಕೇಳಿ.